ಎರಡು ಮಂಚ, ಒಂದೇ ಎತ್ತರ

ನಮ್ಮಣ್ಣ ಟೈಲರ್. ಎದುರಿಗೆ ಎಲ್ಲರೂ ಮಾಸ್ಟರ್ ಎನ್ನುತ್ತಾರೆ, ಬೆನ್ನ ಹಿಂದೆ ಟ್ರಯಲ್ ಮಾಸ್ಟರ್. ಅವನ ಅಂಗಡಿಯಲ್ಲಿ ಅಳತೆ ಕೊಟ್ಟು ಹೋದರೆ ಮುಗಿಯಲಿಲ್ಲ. ಕಚ್ಚಾ ಹೊಲಿಗೆ ಹಾಕಿದ ಮೇಲೆ ಬಂದು ತೊಟ್ಟು ನಿಲ್ಲಬೇಕು. ಅವನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಸುತ್ತ ತಿರುಗಿ ನೋಡಿ, ಹೆಗಲ ಹತ್ತಿರ ಕೂದಲೆಳೆಯಷ್ಟು ಎದ್ದಿದೆ ಎಂದು ಬಿಚ್ಚಿ, ಮತ್ತೆ ಬರಹೇಳುತ್ತಾನೆ. ಒಬ್ಬ ಗುಮಾಸ್ತರು ಬಡ್ತಿ ಸಿಕ್ಕ ಖುಷಿಗೆ ಕೋಟು ಹೊಲಿಯಲು ಹಾಕಿದರು. ತೊಟ್ಟದ್ದು ನಿವೃತ್ತಿಯ ದಿನ. ಇದು ನಾನು ಕಟ್ಟಿದ ಕತೆಯಲ್ಲ, ಅವರೇ ಎಲ್ಲರೆದುರು ಹೇಳಿಕೊಂಡು ನಗುತ್ತಿದ್ದರು. ಕೋಟು ಮಾತ್ರ ಮೈಮೇಲೆ ಹುಟ್ಟಿದ ಹಾಗೆ ಕೂತಿತ್ತು.

ಅವನ ಹೆಂಡತಿ, ನನ್ನ ಅತ್ತಿಗೆ, ಅದೇ ಅಂಗಡಿಯ ಎರಡನೇ ಮೆಷಿನ್‌ನಲ್ಲಿ ಕೂತು ಹೊಲಿಯುತ್ತಿದ್ದಳು. ಕಾಜಾ, ಗುಂಡಿ, ಅಂಚು ಮಡಿಸುವುದು ಎಲ್ಲ ಅವಳದೇ. ಗಿರಾಕಿಗಳು ಸಿಟ್ಟಾದಾಗ ಸಮಾಧಾನ ಮಾಡುವ ಕೆಲಸವೂ ಅವಳದೇ. "ಇನ್ನೊಂದೇ ಸಲ ಬನ್ನಿ, ಆಮೇಲೆ ನಾನೇ ಕದ್ದು ಕೊಟ್ಟುಬಿಡ್ತೀನಿ" ಎಂದು ಪಿಸುಗುಟ್ಟುತ್ತಿದ್ದಳು. ಎಷ್ಟೋ ಸಲ ಕದ್ದು ಕೊಟ್ಟೂ ಇದ್ದಾಳೆ. ಹಾಗೆ ಕೊಡದೆ ಹೋಗಿದ್ದರೆ ಆ ಅಂಗಡಿ ಎಂದೋ ಮುಚ್ಚಿಹೋಗಿರುತ್ತಿತ್ತು.

ಆ ಅತ್ತಿಗೆಗೆ ಬೆನ್ನು ನೋವೆಂದು ಶುರುವಾದದ್ದು ಕೊನೆಗೆ ಮೂಳೆಯೊಳಗಿನ ಗಂಟು ಎಂದಾಯಿತು. ದೊಡ್ಡ ಆಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿ, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕೈ ತೊಳೆದುಕೊಂಡರು. ಅವಳು ಕೂರುವ ಹಾಗಿರಲಿಲ್ಲ. ಸ್ವಲ್ಪ ಹೊತ್ತು ಕೂತರೂ ಮುಖ ಬೂದಿಯಾಗುತ್ತಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆಯ ಥಾನುಗಳ ನಡುವೆ ಅವಳಿಗೊಂದು ಹಾಸಿಗೆಯಾಯಿತು. ಅಲ್ಲಿಂದ ಅವಳು ಕೇಳಿದ್ದು ಒಂದೇ ಒಂದು.

"ನಂಗೆ ಒಂದ್ಸಲ ಅಕ್ಕನ್ನ ನೋಡ್ಬೇಕು."

ಆ ಅಕ್ಕನನ್ನು ನಾವೆಲ್ಲ ದೊಡ್ಡಕ್ಕ ಎನ್ನುತ್ತೇವೆ. ಬೆಳಗಿನಿಂದ ಸಂಜೆಯವರೆಗೆ ಗಾಡಿ ಓಡಿಸಿದರೆ ಸಿಗುವ ಊರು ಅವಳದು. ತಾಯಿಯಿಲ್ಲದ ಅತ್ತಿಗೆಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅತ್ತಿಗೆಯ ಕೂದಲು ನರೆತರೂ ಅವಳ ಬಾಯಲ್ಲಿ ಆಗಲೂ ಪುಟ್ಟಿಯೇ. ಅವಳಿಗೆ ಎದೆಯ ತೊಂದರೆ, ಗಾಡಿ ಹತ್ತಿದರೆ ಉಸಿರು ಕಟ್ಟುತ್ತಿತ್ತು, ಕೋಲು ಹಿಡಿದು ಬಾಗಿಲವರೆಗೆ ಬಂದರೆ ಅದೇ ದೊಡ್ಡ ಪ್ರಯಾಣ. ಆದರೆ ಆ ಕಾಯಿಲೆ ಎಷ್ಟು ಹಳೆಯದೆಂದರೆ ಅದಕ್ಕೆ ಯಾರೂ ಹೆದರುವುದನ್ನೇ ಬಿಟ್ಟಿದ್ದರು. ದಿನಾ ಸಂಜೆ ಅಕ್ಕತಂಗಿ ಫೋನಿನಲ್ಲಿ ಮಾತಾಡುತ್ತಿದ್ದರು. ಇಬ್ಬರೂ ತಮಗೆ ಏನೂ ಆಗಿಲ್ಲ ಎಂದು ಒಬ್ಬರಿಗೊಬ್ಬರು ಸುಳ್ಳು ಹೇಳುತ್ತಿದ್ದರು.

ಆಂಬ್ಯುಲೆನ್ಸ್ ಮಾಡೋಣ ಎಂದೆ ನಾನು. ಅತ್ತಿಗೆ ಕಣ್ಣು ಕೆಕ್ಕರಿಸಿದಳು. "ಆ ಗಾಡಿ ಬಾಗಿಲಿಗೆ ಬಂದ್ರೆ ಅಕ್ಕನ ಎದೆ ಅಲ್ಲೇ ನಿಂತುಹೋಗುತ್ತೆ. ಹೋದ್ರೂ ಎಲ್ಲಿ ಮಲಗ್ಲಿ? ಅವಳ ಕೋಣೇಲಿ ಅವಳ ಮಂಚ ಬಿಟ್ರೆ ಕಾಲಿಡೋಕೂ ಜಾಗ ಇಲ್ಲ."

ನಿಜ. ದೊಡ್ಡಕ್ಕನ ಮಗನಿಗೆ ಸೈಕಲ್ ರಿಪೇರಿ ಅಂಗಡಿ. ಅದರ ಪಕ್ಕದ ಒಂದು ಕೋಣೆ ಅವಳದು. ರಸ್ತೆ ನೋಡುತ್ತಿರಬಹುದೆಂದು ಅವಳು ಮಂಚವನ್ನು ಹೊಸ್ತಿಲಿಗೇ ತಾಗಿಸಿ ಹಾಕಿಸಿಕೊಂಡಿದ್ದಳು. ಬಾಗಿಲು ತೆಗೆದರೆ ಎದುರಿಗೇ ಮಂಚದ ತುದಿ. ಬಂದವರು ಪಕ್ಕದಲ್ಲಿ ಅಡ್ಡಡ್ಡ ನುಸುಳಬೇಕು.

ಟ್ರೈಲರ್ ಕೊಳ್ಳುವ ಯೋಚನೆ ಅಣ್ಣನದು. ಎಂಜಿನ್ ಇಲ್ಲದ, ಇನ್ನೊಂದು ಗಾಡಿಯ ಹಿಂದೆ ಕೊಂಡಿ ಹಾಕಿ ಎಳೆಯುವ, ಒಳಗೆ ಮಲಗಲು ಜಾಗವಿರುವ ಚಕ್ರದ ಮನೆ. ಎಳೆಯಲು ನನ್ನ ಪಿಕಪ್ ಇತ್ತು. ನಾನು ವಾರವೆಲ್ಲ ಅದರಲ್ಲಿ ಬೇಕರಿಗಳಿಗೆ ಬ್ರೆಡ್ಡು ಹಾಕುತ್ತೇನೆ, ಭಾನುವಾರ ರಜೆ. "ಮಲಗಿಸ್ಕೊಂಡೇ ಹೋಗೋಣ. ಹಿಂದಿನ ಬಾಗಿಲು ಅವರ ಬಾಗಿಲಿಗೆ ತಾಗಿಸಿ ನಿಲ್ಸೋಣ. ಇವಳ ಮಂಚ, ಅವರ ಮಂಚ, ಮಧ್ಯ ಹೊಸ್ತಿಲು ಅಷ್ಟೇ. ಬೇಕಾದಷ್ಟು ದಿನ ಇರ್ಲಿ" ಎಂದ. ಹುಟ್ಟಿದಾಗಿನಿಂದ ನಾನು ಅವನ ಬಾಯಲ್ಲಿ ಕೇಳಿದ ಒಳ್ಳೆಯ ಮಾತು ಅದೊಂದೇ ಎಂದು ಅತ್ತಿಗೆಗೆ ಹೇಳಿದೆ. ಅವಳು ನಕ್ಕಳು.

ನಮಗೆ ಟ್ರೈಲರ್ ಮಾರಿದವನು ಜೇನು ಸಾಕುವವನು. ಹೂವು ಬಿಡುವ ಕಡೆಗೆ ಪೆಟ್ಟಿಗೆಗಳನ್ನು ಸಾಗಿಸಿಕೊಂಡು ಹೋಗಿ, ಅವುಗಳ ಪಕ್ಕ ಇದನ್ನು ನಿಲ್ಲಿಸಿಕೊಂಡು ಮಲಗುತ್ತಿದ್ದನಂತೆ. ಮೊಣಕಾಲು ಕೈಕೊಟ್ಟ ಮೇಲೆ ಅದು ಅವನ ಹಿತ್ತಲಲ್ಲಿ ಹುಲ್ಲಿನ ನಡುವೆ ನಿಂತಿತ್ತು. ಒಳಗೆ ಮೇಣದ ವಾಸನೆ, ಹೊಗೆಯ ವಾಸನೆ. ನಾನು ಟೈರು ಒದ್ದು ನೋಡಿದೆ, ಕೊಂಡಿ ಅಲ್ಲಾಡಿಸಿದೆ, ಹಿಂದಿನ ದೀಪದ ವೈರು ಎಳೆದು ನೋಡಿದೆ. ಅಣ್ಣ ಇದ್ಯಾವುದನ್ನೂ ನೋಡಲಿಲ್ಲ. ಕೊರಳಿನ ಟೇಪು ತೆಗೆದು ಮೂಲೆಯಿಂದ ಮೂಲೆಗೆ ಅಳೆದ, ಆಮೇಲೆ ತಗಡು ತಗಡು ಸೇರುವ ಕಡೆಯೆಲ್ಲ ಉಗುರಿನಿಂದ ಗೀರಿ ನೋಡಿದ.

"ಹೊಲಿಗೆ ಬಿಟ್ಟಿದೆ" ಎಂದ.

"ಸೋರುತ್ತೆ ಅನ್ನಪ್ಪ" ಎಂದೆ.

ಜೇನಿನವನು ಒಂದು ಮಾತು ಹೇಳಿದ. "ಭಾರ ಎಲ್ಲ ಮುಂದೆ ಇರ್ಲಿ. ಹಿಂದೆ ಹಾಕಿದ್ರೆ ಬಾಲ ಅಲ್ಲಾಡಿಸುತ್ತೆ, ನಿಮ್ಮನ್ನೂ ಚರಂಡಿಗೆ ಎಳೆಯುತ್ತೆ." ಅಂಗಡಿಯ ಎರಡನೇ ಮೆಷಿನ್ ಮಾರಿ ಅವನಿಗೆ ಹಣ ಕೊಟ್ಟೆವು. ಮೆಷಿನ್ ಒಯ್ಯಲು ಬಂದವರು ಅದನ್ನು ಎತ್ತುವಾಗ ಅತ್ತಿಗೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅಣ್ಣ ಆ ಜಾಗವನ್ನು ಗುಡಿಸಲಿಲ್ಲ. ನೂಲಿನ ತುಂಡುಗಳು ಎಷ್ಟೋ ದಿನ ಅಲ್ಲೇ ಇದ್ದವು.

ಅಂಗಡಿಯ ಹಿಂದಿನ ಗಲ್ಲಿಯಲ್ಲಿ ಟ್ರೈಲರ್ ನಿಲ್ಲಿಸಿಕೊಂಡು ಕೆಲಸ ಶುರು ಮಾಡಿದ. ಎಲ್ಲಕ್ಕಿಂತ ಮೊದಲು ಮಂಚ. ಅದಕ್ಕಾಗಿ ದೊಡ್ಡಕ್ಕನಿಗೆ ಫೋನು ಮಾಡಿ ಕೂತ.

"ಅಕ್ಕಾ, ರಸ್ತೆಯಿಂದ ಹೊಸ್ತಿಲು ಎಷ್ಟು ಎತ್ತರ, ಹೊಸ್ತಿಲಿಂದ ನಿಮ್ಮ ಹಾಸಿಗೆ ಎಷ್ಟು ಎತ್ತರ, ಅಳೆದು ಹೇಳಿ."

"ಮೂರು ಗೇಣು ಇರ್ಬೋದು ಮಾಸ್ಟ್ರೇ."

"ಗೇಣು ಬೇಡ. ಟೇಪು ತರಿಸಿ. ನೀವು ಹಾಸಿಗೆ ಮೇಲೆ ಕೂತಿರ್ಬೇಕು, ಮಗ ಅಳೀಬೇಕು. ಕೂತಾಗ ತಗ್ಗುತ್ತಲ್ಲ, ಅದು ಲೆಕ್ಕಕ್ಕೆ ಬರಬೇಕು."

"ನನ್ನ ತೂಕಕ್ಕೆ ಏನು ತಗ್ಗುತ್ತೆ ಮಹಾ, ನಿಮ್ಮ ಹುಚ್ಚೇ" ಎಂದು ಫೋನಿನಲ್ಲಿ ದೊಡ್ಡಕ್ಕ ನಕ್ಕಿದ್ದು ಹಿಂದಿನ ಕೋಣೆಯಲ್ಲಿದ್ದ ಅತ್ತಿಗೆಗೂ ಕೇಳಿಸಿತು. ಕೊನೆಗೆ ಮಗ ಟೇಪು ಹಿಡಿದು ಅಳೆದು ಹೇಳಿದ. ಆ ಲೆಕ್ಕಕ್ಕೆ ಸರಿಯಾಗಿ, ಅತ್ತಿಗೆ ಮಲಗಿದಾಗ ಫೋಮು ಎಷ್ಟು ಕುಸಿಯುತ್ತದೆಂಬುದನ್ನೂ ಹಿಡಿದು, ಅಣ್ಣ ಪ್ಲೈವುಡ್ಡಿನ ಮಂಚ ಮಾಡಿದ. ತಲೆದಿಂಬು ಹಿಂದಿನ ಬಾಗಿಲಿನ ಕಡೆಗೆ. ಮಲಗಿದವಳು ಕೈ ಚಾಚಿದರೆ ಕೂತ ಅಕ್ಕನ ಮಡಿಲಿಗೆ ಕೈ ಹೋಗಬೇಕು, ಏರಲೂ ಬಾರದು, ಇಳಿಯಲೂ ಬಾರದು. ಅದೊಂದು ಅಳತೆಯನ್ನು ಅವನು ಮತ್ತೆ ಮುಟ್ಟಲಿಲ್ಲ. ಬಾಕಿ ಎಲ್ಲವನ್ನೂ ಮುಟ್ಟಿದ.

ಮುಂದಿನ ಭಾಗಕ್ಕೆ ನೀರಿನ ಡ್ರಮ್ಮು, ಪಟ್ಟಿ ಹೊಡೆದು ಕೂರಿಸಿದ ಒಂಟಿ ಬರ್ನರಿನ ಗ್ಯಾಸ್ ಒಲೆ, ಸೀಟು ಕೊರೆದು ಕೆಳಗೆ ಬಕೆಟ್ ಇಟ್ಟ ಕುರ್ಚಿ. ಕುಲುಕಿದರೆ ಔಷಧಿ ಬಾಟಲಿ ಬೀಳದಂತೆ ಅಂಚು ಕಟ್ಟಿದ ಶೆಲ್ಫು. ಮಂಚಕ್ಕೆ ಅವಳು ಉರುಳದಂತೆ ಅಡ್ಡಪಟ್ಟಿ. ಇದೆಲ್ಲ ಯಾರಾದರೂ ಮಾಡಿಯಾರು. ಆದರೆ ಮಂಚದ ಪಕ್ಕದ ಗೋಡೆಯನ್ನು ನೋಡಿ ನಾನು ನಿಂತುಬಿಟ್ಟೆ. ಇಡೀ ಗೋಡೆಗೆ ಗಟ್ಟಿ ಕ್ಯಾನ್ವಾಸ್ ಬಟ್ಟೆ ಎಳೆದು ಕಟ್ಟಿ, ಅದರ ತುಂಬ ಜೇಬು ಹೊಲಿದಿದ್ದ. ಕನ್ನಡಕಕ್ಕೊಂದು, ಬಾಚಣಿಗೆಗೊಂದು, ಫೋನಿಗೊಂದು, ಮಾತ್ರೆಗೊಂದು, ನೀರಿನ ಬಾಟಲಿಗೊಂದು. ಅವಳ ಬೆರಳು ಎಲ್ಲಿಯವರೆಗೆ ಇಳಿಯುತ್ತದೋ ಅಷ್ಟೇ ಆಳ, ಕೈ ಎಲ್ಲಿಯವರೆಗೆ ಏಳುತ್ತದೋ ಅಷ್ಟೇ ಎತ್ತರ. "ನನ್ನ ಪಿಕಪ್ಪಿಗೂ ಎರಡು ಜೇಬು ಹಾಕಿಕೊಡೋ" ಎಂದೆ.

ಆಮೇಲೆ ಟ್ರಯಲ್. ಅತ್ತಿಗೆಯನ್ನು ಇಬ್ಬರೂ ಎತ್ತಿಕೊಂಡು ಹೋಗಿ ಮಲಗಿಸಿದೆವು. ಅಣ್ಣ ಕೆಳಗೆ ಮಂಡಿಯೂರಿ, "ಕನ್ನಡಕ ತಗೋ", "ಮಾತ್ರೆ ತಗೋ" ಎಂದು ಒಂದೊಂದನ್ನೇ ಹೇಳಿದ. ಅವಳು ಒಂದೊಂದನ್ನೇ ತೆಗೆದಳು. ನೀರಿನ ಬಾಟಲಿಯ ಜೇಬಿಗೆ ಕೈ ಹೋಗಲಿಲ್ಲ, ಬೆರಳ ತುದಿ ಮಾತ್ರ ತಾಗಿತು.

"ನಾಳೆ ಸರಿ ಮಾಡ್ತೀನಿ" ಎಂದ. ಕ್ಯಾನ್ವಾಸ್ ಬಿಚ್ಚಿ, ಜೇಬುಗಳ ಸಾಲನ್ನು ಇಳಿಸಿ ಹೊಲಿದ.

ಮುಂದಿನ ಭಾನುವಾರ ಟ್ಯಾಂಕ್ ತುಂಬಿಸಿ, ಕೊಂಡಿಗೆ ಗ್ರೀಸು ಹಚ್ಚಿಕೊಂಡು ಬಂದೆ. ಅಷ್ಟರಲ್ಲಿ ಅವಳ ಕೈ ಇನ್ನೂ ಇಳಿದಿತ್ತು. ಅವನು ಮತ್ತೆ ಬಿಚ್ಚಿದ. ಅದರ ಮುಂದಿನ ಭಾನುವಾರ ಅಡ್ಡಪಟ್ಟಿ ಅವಳ ಎಲುಬಿಗೆ ಒತ್ತುತ್ತದೆ ಎಂದ; ಮೈಯಲ್ಲಿ ಮಾಂಸವಿದ್ದಾಗ ಒತ್ತುತ್ತಿರಲಿಲ್ಲ. ಆಮೇಲೊಮ್ಮೆ ಕಿಟಕಿ. ತಲೆಯೆತ್ತಿ ಒರಗಿದಾಗ ಕಾಣುವ ಎತ್ತರಕ್ಕೆ ಕೊರೆದದ್ದು, ಈಗ ಅವಳಿಗೆ ಒರಗಲಿಕ್ಕೇ ಆಗುವುದಿಲ್ಲ, ಬರೀ ಆಕಾಶ ಕಾಣುತ್ತದೆ. ತಗಡನ್ನೇ ಕೊಯ್ದು ಕಿಟಕಿ ಇಳಿಸಿದ. ಪ್ರತಿ ವಾರ ಅಳತೆ ತೆಗೆಯುತ್ತಿದ್ದ, ಪ್ರತಿ ವಾರ ಅವಳು ಕಡಿಮೆಯಾಗುತ್ತಿದ್ದಳು. ಬಿಚ್ಚಿದ ಹೊಲಿಗೆಯ ತೂತುಗಳು ಕ್ಯಾನ್ವಾಸಿನ ಮೇಲೆ ಸಾಲು ಸಾಲಾಗಿ ಉಳಿದಿದ್ದವು, ಒಂದರ ಕೆಳಗೆ ಇನ್ನೊಂದು. ಅವಳ ಕೈ ಹೇಗೆ ಸೋತಿತೆಂದು ಅದನ್ನು ನೋಡಿದರೆ ಸಾಕಿತ್ತು. ನನಗೆ ನೋಡಲಾಗುತ್ತಿರಲಿಲ್ಲ.

ದೊಡ್ಡಕ್ಕ ದಿನಾ ಸಂಜೆ ಕೇಳುತ್ತಿದ್ದಳು, "ಏನೇ ಪುಟ್ಟಿ, ಹೊರಟ್ಯಾ?"

"ಇವರ ಟ್ರಯಲ್ ಮುಗೀಲಿ ಅಕ್ಕ."

"ನಾನಿಲ್ಲಿ ಬಾಗಿಲು ತೆಕ್ಕೊಂಡೇ ಕೂತಿದೀನಿ ಕಣೇ. ಸೈಕಲ್ ತಂದು ಅಡ್ಡ ನಿಲ್ಲಿಸಬೇಡ ಅಂತ ನನ್ನ ಮಗನಿಗೆ ದಿನಾ ಬೈತೀನಿ."

ಒಂದು ಭಾನುವಾರ ಅತ್ತಿಗೆ ಅಣ್ಣನ ಅಂಗಿ ಹಿಡಿದುಕೊಂಡಳು. ಕೂಗುವ ಶಕ್ತಿ ಅವಳಿಗಿರಲಿಲ್ಲ. "ರೀ, ಲೂಸಾಗಿದ್ರೂ ಪರವಾಗಿಲ್ಲ, ಬಿಗಿಯಾಗಿದ್ರೂ ಪರವಾಗಿಲ್ಲ. ನಾನು ತೊಟ್ಕೊಂಡು ಹೋಗ್ತೀನಿ, ಕೊಟ್ಬಿಡ್ರಿ."

ಅವನು ಅವಳ ಬೆರಳು ಬಿಡಿಸಿ, "ದಾರೀಲಿ ಕುಲುಕಿ ಎಲುಬು ಮುರಿದ್ರೆ ಏನು ಮಾಡ್ಲಿ? ಇನ್ನೊಂದು ವಾರ" ಎಂದ.

ನನಗೆ ತಲೆ ಕೆಟ್ಟುಹೋಯಿತು. ಅವನನ್ನು ಗಲ್ಲಿಗೆ ಎಳೆದುಕೊಂಡು ಹೋಗಿ ಬಾಯಿಗೆ ಬಂದಂತೆ ಬೈದೆ. "ಇದೇನು ಗುಮಾಸ್ತರ ಕೋಟಾ? ನೀನು ಹೊಲೀತಾ ಇರು, ಅವಳು ಕರಗ್ತಾ ಇರ್ಲಿ. ಅಳತೆ ನಿಲ್ಲೋದು ಯಾವತ್ತು ಅಂತ ನಿಂಗೆ ಗೊತ್ತಿಲ್ವಾ?"

ಅವನು ಟ್ರೈಲರಿನ ಮೆಟ್ಟಿಲ ಮೇಲೆ ಕೂತ. ಕೊರಳಿನ ಟೇಪನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ. "ಅಕ್ಕನ್ನ ನೋಡ್ಬೇಕು ಅನ್ನೋ ಒಂದಕ್ಕೇ ಅವಳು ಜೀವ ಹಿಡ್ಕೊಂಡಿರೋದು" ಎಂದ. "ನೋಡಾದ್ಮೇಲೆ ಏನಿದೆ ಹೇಳು? ಬಟ್ಟೆ ಕೈಗೆ ಸಿಕ್ಕಿದ್ಮೇಲೆ ಯಾರು ಅಂಗಡೀಲಿ ನಿಲ್ತಾರೆ?"

ಅಲ್ಲಿಯವರೆಗೆ ಅವನದು ಬರೀ ಹುಚ್ಚು ಎಂದುಕೊಂಡಿದ್ದೆ. ಅದು ಹೆದರಿಕೆ. ಅವನು ಹೊಲಿಯುತ್ತಿದ್ದದ್ದು ಜೇಬಲ್ಲ, ಹೆಂಡತಿಗೆ ಇನ್ನೊಂದು ವಾರ. ಅವನ ಪಕ್ಕ ಕೂತೆ. ಇಬ್ಬರೂ ಅತ್ತೆವು. ಪಕ್ಕದ ಮನೆಯವರು ಕಸ ಹಾಕಲು ಬಂದು, ನಮ್ಮನ್ನು ನೋಡಿ, ಕಸದ ಬುಟ್ಟಿ ಹಿಡಿದುಕೊಂಡೇ ವಾಪಸು ಹೋದರು.

ಅಂದು ಒಪ್ಪಿಸಿದೆ. ಬರುವ ಭಾನುವಾರ, ಏನಾದರಾಗಲಿ, ಹೊರಡುವುದು. ಅತ್ತಿಗೆ ಫೋನಿನಲ್ಲಿ ಹೇಳಿದಳು. ದೊಡ್ಡಕ್ಕ ಆ ಕಡೆಯಿಂದ, "ತಲೆಗೆ ಎಣ್ಣೆ ಹಚ್ತೀನಿ ಬಾ" ಎಂದಳು. ಅತ್ತಿಗೆಯ ತಲೆಯಲ್ಲಿ ಕೂದಲು ಉಳಿದಿರಲಿಲ್ಲ. ಅದನ್ನು ಅವಳು ಅಕ್ಕನಿಗೆ ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ನಾನು ಬ್ರೆಡ್ಡು ಇಳಿಸುತ್ತಿದ್ದಾಗ ಅಣ್ಣನ ಫೋನು. ಅತ್ತಿಗೆಗೆ ಏನೋ ಆಯಿತೆಂದುಕೊಂಡೆ. ಅತ್ತಿಗೆಗೆ ಏನೂ ಆಗಿರಲಿಲ್ಲ. ಹೋದದ್ದು ದೊಡ್ಡಕ್ಕ. ಮಂಚದ ತುದಿಯಲ್ಲಿ, ತೆರೆದ ಬಾಗಿಲ ಕಡೆ ಮುಖ ಮಾಡಿ ಕೂತವಳು ಹಾಗೇ ಒರಗಿದ್ದಳಂತೆ. ಮಗ ಅಂಗಡಿಯ ಬಾಗಿಲು ತೆಗೆಯುತ್ತ, "ಏನಮ್ಮಾ, ಇಷ್ಟು ಬೇಗ ಎದ್ದೆ" ಎಂದು ಮಾತಾಡಿಸಿದನಂತೆ. ನಾವೆಲ್ಲ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಒಬ್ಬಳನ್ನು ಕಾಯುತ್ತಿದ್ದೆವು. ಇನ್ನೊಬ್ಬಳ ಕಡೆ ಯಾರೂ ನೋಡಿರಲಿಲ್ಲ.

ಬ್ರೆಡ್ಡಿನ ಟ್ರೇಗಳನ್ನು ಅಲ್ಲಲ್ಲೇ ಇಳಿಸಿ ಓಡಿದೆ. ಅಣ್ಣ ಗರ ಬಡಿದವನಂತೆ ಮೆಷಿನ್ ಮುಂದೆ ನಿಂತಿದ್ದ. ಹೆಂಡತಿಗೆ ಅವನೇ ಹೇಳಿದ್ದನಂತೆ. ಅವಳು ಅಳಲಿಲ್ಲ. ಅವನನ್ನು ಒಂದು ಮಾತು ಬೈಯಲೂ ಇಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ನನ್ನನ್ನು ನೋಡಿ, "ಕೊಂಡಿ ಹಾಕು" ಎಂದಳು.

"ಅತ್ತಿಗೆ, ನಾವು ಹೋಗೋ ಹೊತ್ತಿಗೆ ಮುಗಿದಿರುತ್ತೆ. ಅವರು ಕಾಯಲ್ಲ."

"ಕಾಯೋದು ಬೇಡ. ಮಗನಿಗೆ ಹೇಳು, ಮಂಚ ತೆಗೀಬೇಡ ಅಂತ."

ಹೊರಟೆವು. ಕ್ಯಾನ್ವಾಸಿನ ಕೆಳಗಿನ ಸಾಲಿಗೆ ಇನ್ನೂ ಕಚ್ಚಾ ಹೊಲಿಗೆಯೇ ಇತ್ತು. ದಾರಿಯ ಮೊದಲ ಕುಲುಕಿಗೆ ಎರಡು ಜೇಬು ಕಳಚಿ ಬಿದ್ದವಂತೆ. ಅಣ್ಣ ಹಿಂದೆ ಅವಳ ಪಕ್ಕ ನೆಲದ ಮೇಲೆ ಕೂತು, ಎರಡೂ ಕೈಯಲ್ಲಿ ಅವಳನ್ನು ಹಿಡಿದುಕೊಂಡೇ ಬಂದ. ಅಡ್ಡಪಟ್ಟಿ ಬೇಕಾಗಲೇ ಇಲ್ಲ. ನಾನು ಹಳ್ಳ ಕಂಡಲ್ಲೆಲ್ಲ ಆಮೆಯ ಹಾಗೆ ಹೋದೆ. ಹಿಂದಿನ ಲಾರಿಯವರು ಹಾರನ್ ಹೊಡೆದು ಹೊಡೆದು ಸುಸ್ತಾದರು. ಭಾರ ಮುಂದೆ ಇದ್ದುದರಿಂದ ಟ್ರೈಲರ್ ಒಮ್ಮೆಯೂ ಬಾಲ ಅಲ್ಲಾಡಿಸಲಿಲ್ಲ. ಎಲ್ಲ ಸರಿಯಾಗಿತ್ತು. ಮೊದಲ ಭಾನುವಾರವೇ ಸರಿಯಾಗಿತ್ತು.

ಸಂಜೆಯ ಬೆಳಕು ಇನ್ನೂ ಉಳಿದಿರುವಾಗ ಮುಟ್ಟಿದೆವು. ಸೈಕಲ್ ಅಂಗಡಿ ಮುಚ್ಚಿತ್ತು. ಬಂದವರೆಲ್ಲ ಹೋಗಿಯಾಗಿತ್ತು. ಮಗ ಒಬ್ಬನೇ ಕಲ್ಲಿನ ಮೇಲೆ ಕೂತಿದ್ದ, ನಮ್ಮನ್ನು ಕಂಡು ಎದ್ದು, ಬಾಗಿಲ ಮುಂದಿದ್ದ ಒಂದೇ ಒಂದು ಸೈಕಲನ್ನು ದೂರ ಸರಿಸಿದ. ನಾನು ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡೆ. ಅಣ್ಣ ಇಳಿದು ಕೈ ಆಡಿಸುತ್ತ, "ಬಾ, ಬಾ, ಇನ್ನೂ ಬಾ, ನಿಲ್ಸು" ಎಂದ. ಟ್ರೈಲರಿನ ಅಂಚು ಹೊಸ್ತಿಲಿಗೆ ಮೆಲ್ಲಗೆ ತಾಗಿತು. ಅವನು ಹಿಂದಿನ ಬಾಗಿಲು ತೆರೆದ.

ಎದುರಿಗೆ ದೊಡ್ಡಕ್ಕನ ಮಂಚ. ಹಾಸಿಗೆಯ ಮೇಲೆ ತೊಳೆದ ಹೊದಿಕೆ ಹಾಸಿತ್ತು. ಗೋಡೆಗೆ ಅವಳ ಕೋಲು, ಕಿಟಕಿಯಲ್ಲಿ ಎಣ್ಣೆಯ ಬಾಟಲಿ. ಅತ್ತಿಗೆ ತಲೆ ಹೊರಳಿಸಿ ನೋಡಿದಳು. ಕೈ ಚಾಚಿದಳು. ಅವಳ ಬೆರಳು ಆ ಹಾಸಿಗೆಯ ಬದಿಗೆ ತಾಗಿ ನಿಂತಿತು, ಮೇಲೆ ಹೋಗಲಿಲ್ಲ.

ಅಣ್ಣ ಬಗ್ಗಿ ಎರಡೂ ಹಾಸಿಗೆಗಳನ್ನು ಒಂದೇ ಗೆರೆಗೆ ಕಣ್ಣಿಟ್ಟು ನೋಡಿದ. "ಒಂದು ಬೆರಳು ಎತ್ತರ ಇದೆ" ಎಂದ. "ಅದು ಹೇಗೆ? ಇದನ್ನ ನಾನು ತಪ್ಪೋ ಹಾಗೇ ಇರ್ಲಿಲ್ಲ. ಮಗನೇ ಅಳೆದು ಹೇಳಿದ್ದು. ಒಂದು ಬೆರಳು ಹೇಗೆ ಬಂತು?" ಅವನ ಕೈ ತಾನಾಗಿ ಕೊರಳಿನ ಟೇಪಿಗೆ ಹೋಯಿತು.

"ತಪ್ಪಿಲ್ಲ ರೀ" ಎಂದಳು ಅತ್ತಿಗೆ. "ಅಕ್ಕ ಕೂತಿಲ್ವಲ್ಲ, ಅದಕ್ಕೆ."

ಅವನು ಟೇಪು ಬಿಟ್ಟ. ಆಮೇಲೆ ಹೊಸ್ತಿಲ ಪಕ್ಕದಲ್ಲಿ ಅಡ್ಡಡ್ಡ ನುಸುಳಿ ಒಳಗೆ ಹೋಗಿ, ಮಂಚದ ತುದಿಯಲ್ಲಿ ಮಂಡಿಯೂರಿ, ಎರಡೂ ಅಂಗೈ ಊರಿ ದೊಡ್ಡಕ್ಕ ಕೂರುವ ಜಾಗವನ್ನು ಒತ್ತಿ ಹಿಡಿದ. ಹಾಸಿಗೆ ಒಂದು ಬೆರಳು ತಗ್ಗಿತು. ಅತ್ತಿಗೆ ತನ್ನ ಕೈಯನ್ನು ಅತ್ತ ಜಾರಿಸಿ ಅಲ್ಲಿ ಇಟ್ಟಳು. ಕತ್ತಲಾಗುವವರೆಗೂ ಅವನು ಕೈ ಎತ್ತಲಿಲ್ಲ.